ಹತ್ತಿದ ಕೊಳೆ, ತಿಂದ ಕಲೆ: ಹಳೆಯ ಕಾರಿನ ಚಕ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ವರ್ಷಗಟ್ಟಲೆ ಓಡಿದ ಕಾರಿನ ಚಕ್ರಗಳಿಗೆ ಕಟ್ಟಿಕೊಂಡ ಮಸಿ, ಕಿಟ್ಟ ಮತ್ತು ತುಕ್ಕು. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಕಾರಿಗೆ 14 ವರ್ಷ. ಅದರ ಅಲಾಯ್ ಚಕ್ರಗಳ ಮೇಲೆ ಕಂದು ಮತ್ತು ಕಪ್ಪು ಬಣ್ಣದ ಚುಕ್ಕೆಗಳು ದಟ್ಟವಾಗಿ ಕೂತಿವೆ. ಕಾರು ತೊಳೆಯುವ ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕೈಯಾಡಿಸಿದರೆ ಒರಟಾಗಿ ತಗಲುತ್ತವೆ. ಹೊಸ ಚಕ್ರಗಳನ್ನೇ ಕೊಳ್ಳಬೇಕೆ?

ಉತ್ತರ: ಹೊಸ ಚಕ್ರ ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿರುವ ಚುಕ್ಕೆಗಳು ಬಹುಮಟ್ಟಿಗೆ ಬ್ರೇಕಿನ ಪುಡಿಯಿಂದ ಆದವು. ಬ್ರೇಕ್ ಒತ್ತಿದಾಗಲೆಲ್ಲ ಎರಕದ ಕಬ್ಬಿಣದ ಡಿಸ್ಕಿಗೂ ಪ್ಯಾಡಿಗೂ ತಿಕ್ಕಾಟ ನಡೆದು ಎರಡೂ ಒಂದಿಷ್ಟು ಸವೆಯುತ್ತವೆ. ಆ ಸವೆತದಿಂದ ಹೊರಡುವ ಪುಡಿಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳು, ಇಂಗಾಲ, ಪ್ಯಾಡಿನ ಸಾಮಗ್ರಿಯನ್ನು ಹಿಡಿದಿಟ್ಟಿದ್ದ ರಾಳ ಎಲ್ಲವೂ ಸೇರಿರುತ್ತವೆ. ಕಾದು ಹಾರಿದ ಕಬ್ಬಿಣದ ಕಣ ಚಕ್ರದ ಮೇಲುಬಣ್ಣಕ್ಕೆ ನಾಟಿಕೊಳ್ಳುತ್ತದೆ, ಮಳೆಯ ಇಲ್ಲವೇ ಇಬ್ಬನಿಯ ತೇವ ತಾಗಿದಾಗ ಕೂತಲ್ಲೇ ತುಕ್ಕು ಹಿಡಿಯುತ್ತದೆ. ಶಾಂಪೂವಿನ ನೊರೆಗೆ ಜಿಡ್ಡು ಬಿಡುತ್ತದೆಯೇ ಹೊರತು ತುಕ್ಕು ಬಿಡುವುದಿಲ್ಲ. ನಿಮ್ಮ ತೋಳಿನ ಬಲ ಸಾಲದೆ ಹೋದದ್ದಲ್ಲ, ಆ ಕೊಳೆಗೆ ತಕ್ಕ ದ್ರಾವಣ ಸಿಗದೆ ಹೋದದ್ದು.

ಯಾವುದೇ ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಚುಕ್ಕೆಯ ಮೇಲೆ ಉಗುರನ್ನು ಮೆಲ್ಲನೆ ಎಳೆಯಿರಿ. ಉಗುರಿಗೆ ಉಬ್ಬು ಸಿಕ್ಕರೆ ಅದು ಮೇಲೆ ಹತ್ತಿದ ಕೊಳೆ. ಉಗುರು ತಗ್ಗಿಗೆ ಇಳಿದರೆ ಅಥವಾ ಸಿಪ್ಪೆಯಂತೆ ಏನಾದರೂ ಎದ್ದು ಬಂದರೆ ಅದು ಚಕ್ರವನ್ನು ತಿಂದ ಕಲೆ. ಮೊದಲನೆಯದನ್ನು ತೊಳೆಯಬಹುದು, ಎರಡನೆಯದನ್ನು ತೊಳೆಯಲಾಗದು. ಅದಕ್ಕೆ ಉಜ್ಜಿ ಬಣ್ಣ ಹಾಕುವ ಕೆಲಸವೇ ಬೇಕು. ಹಳೆಯ ಚಕ್ರಗಳನ್ನು ಹಾಳು ಮಾಡಿಕೊಂಡವರಲ್ಲಿ ಬಹಳ ಮಂದಿ ಈ ಎರಡನ್ನೂ ಒಂದೇ ಎಂದು ತಿಳಿದು, ತಿಂದ ಕಲೆಯನ್ನು ತೊಳೆದು ತೆಗೆಯಲು ಹೋಗಿ, ಒಂದಕ್ಕಿಂತ ಒಂದು ಕಟುವಾದ ದ್ರಾವಣ ಸುರಿದವರು.

ನಿಮ್ಮದು ಕೈಗೆ ಒರಟಾಗಿ ತಗಲುವ ಚುಕ್ಕೆಯಾದ್ದರಿಂದ ಬಹುಪಾಲು ತೊಳೆದೇ ಹೋಗುತ್ತದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಚಕ್ರಗಳು ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಕಾದ ಲೋಹದ ಮೇಲೆ ಯಾವ ದ್ರಾವಣವಾದರೂ ಕೆಲಸ ಮುಗಿಸುವ ಮೊದಲೇ ಒಣಗಿ ತನ್ನದೇ ಕಲೆ ಉಳಿಸುತ್ತದೆ. ಅನಂತರ ನೀರಿನಿಂದಲೇ ಆರಂಭಿಸಿ. ಒಣ ಬ್ರಷ್ಷಿನಿಂದ ಗುಡಿಸುವುದಾಗಲಿ, ಗಾಳಿಯ ಪೈಪಿನಿಂದ ಊದುವುದಾಗಲಿ ಬೇಡವೇ ಬೇಡ. ಹಿಂದಿನ ಕಾಲದ ಅನೇಕ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಕಲ್ನಾರು ಇಲ್ಲದ ಪ್ಯಾಡಿನ ಪುಡಿಯೂ ಉಸಿರಾಡಲು ಯೋಗ್ಯವಾದುದಲ್ಲ. ಪುಡಿ ಒದ್ದೆಯಾಗಿದ್ದರೆ ಹಾರುವುದಿಲ್ಲ, ಅಷ್ಟೇ ಇಲ್ಲಿನ ಉಪಾಯ.

ಧಾರಾಳವಾಗಿ ನೀರು ಬಿಟ್ಟು ಸಡಿಲ ಮಣ್ಣನ್ನು ಇಳಿಸಿದ ಮೇಲೆ ಶಾಂಪೂ ನೀರು, ಮೃದು ಎಳೆಗಳ ಬ್ರಷ್. ಚಕ್ರಕ್ಕೆ ಬಳಸುವ ಬಕೆಟ್, ಬ್ರಷ್, ಬಟ್ಟೆ ಮೂರನ್ನೂ ಕಾರಿನ ಮೈಗೆ ಎಂದೂ ಬಳಸಬೇಡಿ; ಒಂದೇ ಒಂದು ಕಬ್ಬಿಣದ ಚೂರು ಬಟ್ಟೆಯಲ್ಲಿ ಉಳಿದರೂ ಬಾನೆಟ್ಟಿನ ಉದ್ದಕ್ಕೂ ಗೀರು ಎಳೆಯುತ್ತದೆ. ಜಿಡ್ಡು ಹೋದ ಮೇಲೆ ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿ. ವಾಹನಗಳ ಆರೈಕೆಯ ಸಾಮಗ್ರಿಗಳಲ್ಲಿ ಇದು ಐರನ್ ರಿಮೂವರ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಸಾಮಾನ್ಯವಾಗಿ ಇದರಲ್ಲಿರುವುದು ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ. ಇದು ಆಮ್ಲದಂತೆ ಲೋಹವನ್ನು ತಿನ್ನುವುದಿಲ್ಲ; ಕಬ್ಬಿಣದೊಂದಿಗೆ ಕೂಡಿ ನೀರಿನಲ್ಲಿ ಕರಗುವ ಸಂಯುಕ್ತವಾಗುತ್ತದೆ, ಆ ಸಂಯುಕ್ತದ ಬಣ್ಣ ನೇರಳೆ. ಸಿಂಪಡಿಸಿ ಒಂದೆರಡು ನಿಮಿಷ ಕಣ್ಣಿಟ್ಟು ನೋಡಿ: ಮೊದಲು ಚುಕ್ಕೆಗಳ ಸುತ್ತ ತೆಳುವಾದ ಕೆಂಪು ಮೂಡುತ್ತದೆ, ಅದು ಗಾಢವಾಗಿ ನೇರಳೆಗೆ ತಿರುಗುತ್ತದೆ, ಆಮೇಲೆ ಪ್ರತಿ ಚುಕ್ಕೆಯಿಂದಲೂ ಒಂದೊಂದು ಎಳೆ ಹೊರಟು ಕಡ್ಡಿಗಳ ಗುಂಟ ಕೆಳಗಿಳಿದು ಟೈರಿನ ಅಂಚಿನಲ್ಲಿ ಸೇರುತ್ತದೆ. ಬಣ್ಣ ಇಳಿಯುತ್ತಿದೆ ಎಂದರೆ ಕಬ್ಬಿಣ ಇಳಿಯುತ್ತಿದೆ ಎಂದೇ ಅರ್ಥ. ಗಂಧಕದ ಕಟುವಾಸನೆ ಬರುವುದರಿಂದ ಬಯಲಿನಲ್ಲಿ, ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಿ; ಡಬ್ಬಿಯ ಮೇಲೆ ಹೇಳಿದ ಅವಧಿಗಿಂತ ಹೆಚ್ಚು ಬಿಡದೆ, ಒಣಗುವ ಮುನ್ನ ನೀರಿನಿಂದ ತೊಳೆಯಿರಿ. 14 ವರ್ಷದ ಕೊಳೆ ಒಂದೇ ಸಲಕ್ಕೆ ಹೋಗದು. ಎರಡನೆಯ, ಮೂರನೆಯ ಸಲಕ್ಕೆ ನೇರಳೆ ತೆಳುವಾಗುತ್ತ ಬರುತ್ತದೆ. ಬಣ್ಣ ಬರುವುದು ನಿಂತ ಮೇಲೂ ಉಳಿದ ಕಪ್ಪು ಚುಕ್ಕೆ ಕಬ್ಬಿಣದ್ದಲ್ಲ, ಬಹುಶಃ ಡಾಂಬರಿನದು.

ಡಾಂಬರಿಗೆ ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯ ಚೂರು ಸಾಕು. ಚುಕ್ಕೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿದರೆ ಕಂದಾಗಿ ಕರಗಿ ಬರುತ್ತದೆ. ಬಟ್ಟೆಯಿಂದ ಎಣ್ಣೆ ತೊಟ್ಟಿಕ್ಕಬಾರದು. ಟೈರಿನ ರಬ್ಬರಿಗೆ ಅದು ಒಳ್ಳೆಯದಲ್ಲ, ಬ್ರೇಕಿನ ಡಿಸ್ಕಿಗಂತೂ ತಾಗಲೇಕೂಡದು. ಕೊನೆಗೆ ಮತ್ತೊಮ್ಮೆ ಶಾಂಪೂ ನೀರಿನಿಂದ ತೊಳೆದು ಒರೆಸಿ, ಕೈಯಾಡಿಸಿ ನೋಡಿ. ಇನ್ನೂ ಮರಳು ಮರಳಾಗಿ ತಗಲಿದರೆ ಕ್ಲೇ ಬಾರ್ ಎಂಬ ಮೇಣದಂಥ ಉಂಡೆಯನ್ನು ಸೋಪಿನ ನೀರಿನ ಜಾರಿಕೆಯ ಮೇಲೆ ಓಡಿಸಬಹುದು. ಚಕ್ರಕ್ಕೆ ಬಳಸಿದ ಉಂಡೆಯೂ ಮೈಬಣ್ಣಕ್ಕೆ ಮತ್ತೆ ಬೇಡ.

ಹೊರಮುಖ ಹೊಳೆದರೂ ಚಕ್ರದ ಒಳಮೈ ಕಪ್ಪಾಗಿಯೇ ಉಳಿದಿರುತ್ತದೆ. ಅದನ್ನು ಸರಿಯಾಗಿ ತೊಳೆಯಲು ಚಕ್ರ ಬಿಚ್ಚಬೇಕು. ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಇರಲಿ, ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಕೂಡಲೇ ಕೆಳಗೆ ಆಧಾರದ ಸ್ಟ್ಯಾಂಡ್ ಇಡಿ. ಬರೀ ಜಾಕಿನ ನಂಬಿಕೆಯ ಮೇಲೆ ಕಾರಿನಡಿಗೆ ತಲೆ, ಕೈ ಚಾಚುವುದು ಎಷ್ಟು ಅವಸರವಿದ್ದರೂ ಬೇಡ.

ಪ್ರಶ್ನೆ: ಯಾರೋ ಹೇಳಿದರೆಂದು ಶೌಚಾಲಯ ತೊಳೆಯುವ ಆಸಿಡ್ಡನ್ನು ನೀರಿನಲ್ಲಿ ಬೆರೆಸಿ ಅಲಾಯ್ ಚಕ್ರಕ್ಕೆ ಹಚ್ಚಿದೆ. ಕೊಳೆ ಕ್ಷಣಾರ್ಧದಲ್ಲಿ ಹೋಯಿತು. ಆದರೆ ಒಣಗಿದ ಮೇಲೆ ಅಲ್ಲಲ್ಲಿ ಸುಣ್ಣ ಬಳಿದಂತೆ ಬಿಳಿ ಮಂಕು ಕಾಣುತ್ತಿದೆ. ಏನು ಮಾಡಲಿ?

ಉತ್ತರ: ಕೊಳೆಯ ಜೊತೆಗೆ ಚಕ್ರದ ಮೈಯೂ ಒಂದಿಷ್ಟು ಹೋಗಿದೆ. ಅಲಾಯ್ ಚಕ್ರ ಎಂದರೆ ಬಹುತೇಕ ಅಲ್ಯುಮಿನಿಯಂ; ಅದರೊಂದಿಗೆ ಸಿಲಿಕಾನ್ ಮತ್ತು ಸ್ವಲ್ಪ ಮೆಗ್ನೀಸಿಯಂ ಬೆರೆತಿರುತ್ತವೆ. ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ತನ್ನ ಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆಯೇ ಅದರ ಕವಚ. ಹುಳಿ ಮತ್ತು ಕ್ಷಾರದ ತೀಕ್ಷ್ಣತೆ ಅಳೆಯುವ ಪಿಎಚ್ ಮಾನ ಸುಮಾರು 4ರಿಂದ 8.5ರ ಒಳಗಿರುವ ನೀರಿನಲ್ಲಿ ಈ ಪೊರೆ ನಿಲ್ಲುತ್ತದೆ. ಅದಕ್ಕಿಂತ ಹುಳಿಯಾದ ಆಮ್ಲದಲ್ಲೂ ಕರಗುತ್ತದೆ, ಅದಕ್ಕಿಂತ ತೀಕ್ಷ್ಣವಾದ ಕ್ಷಾರದಲ್ಲೂ ಕರಗುತ್ತದೆ. ಆದ್ದರಿಂದ ಶೌಚಾಲಯದ ಹೈಡ್ರೋಕ್ಲೋರಿಕ್ ಆಸಿಡ್ ಎಷ್ಟು ಕೆಟ್ಟದ್ದೋ, ಕಟ್ಟಿದ ಚರಂಡಿ ಬಿಡಿಸಲು ಬಳಸುವ ಕಾಸ್ಟಿಕ್ ಸೋಡ ಅಷ್ಟೇ ಕೆಟ್ಟದ್ದು. ಆಸಿಡ್ ಅಲ್ಲ ಎಂಬ ಒಂದೇ ಕಾರಣಕ್ಕೆ ಎರಡನೆಯದನ್ನು ಪ್ರಯೋಗಿಸಿದವರ ಪತ್ರಗಳೂ ಬಂದಿವೆ.

ಈಗ ಮಾಡಬೇಕಾದದ್ದು: ಚಕ್ರ ಬಿಚ್ಚಿ, ಹಿಂದೆ ಮುಂದೆ ನೀರಿನ ಧಾರೆಯಲ್ಲಿ ಕೆಲವು ನಿಮಿಷ ತೊಳೆಯಿರಿ, ಒಂದು ಬಕೆಟ್ ನೀರಿಗೆ ನಾಲ್ಕಾರು ಚಮಚ ಅಡಿಗೆ ಸೋಡ ಕದಡಿ ಆ ನೀರನ್ನು ಬಿರುಕು, ಮೂಲೆ, ನಟ್ಟಿನ ಗುಳಿಗಳಿಗೆಲ್ಲ ಹಾಯಿಸಿ, ಮತ್ತೆ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿ. ಒಣಗಿದ ಮಂಕಿನ ಮೇಲೆ ಒದ್ದೆ ಬೆರಳಾಡಿಸಿ. ಒದ್ದೆಯಾದಾಗ ಮಂಕು ಮಾಯವಾಗಿ, ಕೈಗೆ ನುಣುಪಾಗಿಯೇ ಇದ್ದರೆ ಹಾನಿ ಲ್ಯಾಕರಿನಲ್ಲಿ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ, ಮಾತ್ರ ಇರಬಹುದು. ಬಣ್ಣ ಮೆರುಗುಗೊಳಿಸುವ ಪಾಲಿಷ್ ಹಾಕಿ ಕೈಯಿಂದಲೇ ತಿಕ್ಕಿದರೆ ಬಹಳಷ್ಟು ಹಿಂದಕ್ಕೆ ಬರುತ್ತದೆ. ಸೀಮೆಸುಣ್ಣದಂತೆ ಕೈಗೆ ಪುಡಿ ಹತ್ತಿದರೆ ಲೋಹಕ್ಕೇ ತಾಗಿದೆ, ಅದಕ್ಕೆ ಮುಂದಿನ ಒಂದು ಉತ್ತರದಲ್ಲಿ ಹೇಳಿರುವಂತೆ ಉಜ್ಜಿ ಬಣ್ಣ ಹಾಕಬೇಕು. ಚಕ್ರ ಬಿಚ್ಚಿದಾಗಲೇ ಡಿಸ್ಕ್, ಬೋಲ್ಟುಗಳು, ಬ್ರೇಕಿನ ರಬ್ಬರು ಮುಚ್ಚಳಗಳ ಮೇಲೆ ಆಸಿಡ್ ಬಿದ್ದಿತ್ತೇ ಎಂದು ನೋಡಿ. ಅನುಮಾನವಿದ್ದರೆ ಮೆಕ್ಯಾನಿಕ್ಕಿಗೆ ತೋರಿಸದೆ ಓಡಿಸಬೇಡಿ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಚಕ್ರ ತೊಳೆಯಲೆಂದೇ ಮಾರುವ ಕೆಲವು ತೀಕ್ಷ್ಣ ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಇವು ಚರ್ಮದ ಮೂಲಕ ಒಳಕ್ಕಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತವೆ. ತಾಗಿದ ಗಳಿಗೆಯಲ್ಲಿ ನೋವೇ ಕಾಣದೆ ಗಂಟೆಗಳ ನಂತರ ಆಳದ ಸುಟ್ಟಗಾಯವಾಗಿ ತೋರುವುದೂ ಉಂಟು. ಡಬ್ಬಿಯ ಮೇಲಿನ ವಿವರದಲ್ಲಿ ಈ ಎರಡರಲ್ಲಿ ಯಾವ ಹೆಸರಿದ್ದರೂ ಮನೆಗೆ ತರಬೇಡಿ. ಎಂದಾದರೂ ಮೈಗೆ ತಾಗಿದರೆ ತಡಮಾಡದೆ ನೀರಿನಲ್ಲಿ ತೊಳೆದು, ಡಬ್ಬಿಯನ್ನು ಜೊತೆಗೆ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾಲ್ಕು ಚಕ್ರಗಳನ್ನೂ ಒಂದೇ ದಿನ ತೊಳೆಯುತ್ತೇನೆ. ಎರಡೇ ವಾರದಲ್ಲಿ ಮುಂದಿನ ಎಡಚಕ್ರ ಮಾತ್ರ ಕಪ್ಪಾಗಿಬಿಡುತ್ತದೆ. ತೊಳೆಯುವುದರಲ್ಲಿ ನಾನೇನಾದರೂ ತಪ್ಪು ಮಾಡುತ್ತಿದ್ದೇನೆಯೇ?

ಉತ್ತರ: ತಪ್ಪು ತೊಳೆಯುವುದರಲ್ಲಿಲ್ಲ, ಬಹುಶಃ ಬ್ರೇಕಿನಲ್ಲಿದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳೇ ಹೆಚ್ಚು ದುಡಿಯುತ್ತವೆ. ಹಾಗಾಗಿ ಮುಂದಿನ ಎರಡೂ ಚಕ್ರಗಳು ಹಿಂದಿನವುಗಳಿಗಿಂತ ಬೇಗ ಕಪ್ಪಾಗುವುದು ಸಹಜ. ಎರಡರಲ್ಲಿ ಒಂದೇ ಕಪ್ಪಾಗುವುದು ಸಹಜವಲ್ಲ. ಹಳೆಯ ಕಾರುಗಳಲ್ಲಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಗ್ರೀಸ್ ಒಣಗಿ, ತುಕ್ಕು ಹಿಡಿದು ಬಿಗಿಯಾಗುತ್ತವೆ, ಇಲ್ಲವೇ ಪಿಸ್ಟನ್ ಹಿಂದಕ್ಕೆ ಸರಿಯದೆ ನಿಲ್ಲುತ್ತದೆ. ಆಗ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡೇ ಇದ್ದು, ಹಗಲಿರುಳೂ ಪುಡಿ ಉದುರಿಸುತ್ತದೆ. ಖಾಲಿ ರಸ್ತೆಯಲ್ಲಿ ಆದಷ್ಟು ಕಡಿಮೆ ಬ್ರೇಕ್ ಹಾಕುತ್ತ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಎರಡೂ ಮುಂಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ; ಮುಟ್ಟಬೇಡಿ. ಎಡಗಡೆಯ ಕಾವು ಎದ್ದು ಕಾಣುವಷ್ಟು ಹೆಚ್ಚಿದ್ದರೆ, ಕಾರು ತಾನಾಗಿ ಎಡಕ್ಕೆ ಎಳೆಯುತ್ತಿದ್ದರೆ, ಮೆಕ್ಯಾನಿಕ್ಕಿಗೆ ಹೇಳಬೇಕಾದ ಮಾತು "ಕ್ಯಾಲಿಪರ್ ಹಿಡಿದುಕೊಂಡಿದೆ, ಬಿಚ್ಚಿ ನೋಡಿ" ಎಂಬುದು.

ಈ ಕಾರಣಕ್ಕೇ, ಬಹಳ ದಿನ ತೊಳೆಯದ ಚಕ್ರವನ್ನು ತೊಳೆಯುವ ಮುನ್ನ ಎರಡು ನಿಮಿಷ ನೋಡಬೇಕೆಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಒಣಗಿದ ಬೂದು-ಕಪ್ಪು ಪುಡಿ ಬ್ರೇಕಿನದು. ಒಳಮೈಯಲ್ಲಿ ಸುತ್ತಲೂ ಎರಚಿದಂತೆ ದಪ್ಪನೆಯ ಕಪ್ಪು ಜಿಡ್ಡಿದ್ದರೆ ಆಕ್ಸಲ್ಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮುತ್ತಿರಬಹುದು. ಬೂಟ್ ಬದಲಿಸುವುದು ಸಣ್ಣ ಕೆಲಸ, ಮಣ್ಣು ಸೇರಿ ಕೀಲು ಸವೆದ ಮೇಲೆ ದೊಡ್ಡ ಕೆಲಸ. ಹಿಂದಿನ ಡ್ರಮ್ ಬ್ರೇಕಿನ ಚಕ್ರದ ಒಳಗೆ ತೆಳುವಾದ, ಜಾರುವ ಒದ್ದೆ ಇಳಿದು, ಆ ಜಾಗದ ಬಣ್ಣ ಮೆತ್ತಗಾಗಿ ಎದ್ದಿದ್ದರೆ ಅದು ಬ್ರೇಕ್ ದ್ರವವೇ ಆಗಿರುವ ಸಂಭವ ಹೆಚ್ಚು, ಏಕೆಂದರೆ ಆ ದ್ರವಕ್ಕೆ ಬಣ್ಣ ಕೀಳುವ ಗುಣವಿದೆ. ಹಾಗೆ ಕಂಡ ದಿನ ಕಾರನ್ನು ಓಡಿಸದೆ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ತೊಳೆದುಬಿಟ್ಟರೆ ಈ ಸಾಕ್ಷ್ಯವೆಲ್ಲ ನೀರಿನಲ್ಲಿ ಹೋಗುತ್ತದೆ.

ಪ್ರಶ್ನೆ: ಚಕ್ರದ ಲ್ಯಾಕರಿನ ಅಡಿಯಲ್ಲಿ ಬಿಳಿಯ ಗೆರೆಗಳು ಹುಳು ಹರಿದಂತೆ ಹಬ್ಬುತ್ತಿವೆ. ಮನೆಯಲ್ಲೇ ಬಣ್ಣ ಹಾಕಿ ಸರಿಪಡಿಸಬಹುದೆ?

ಉತ್ತರ: ಮಾಡಬಹುದು, ಆದರೆ ಮೇಲಿನಿಂದ ಬಣ್ಣ ಹೊಡೆದರೆ ಆರು ತಿಂಗಳೂ ನಿಲ್ಲುವುದಿಲ್ಲ. ಇದು ತಿಂದ ಕಲೆಯ ಅತ್ಯಂತ ಸ್ಪಷ್ಟ ರೂಪ. ಎಲ್ಲೋ ಒಂದು ಕಲ್ಲು ಸಿಡಿದು ಅಥವಾ ಕಾಲುದಾರಿಯ ಅಂಚಿಗೆ ಉಜ್ಜಿ ಲ್ಯಾಕರಿನಲ್ಲಿ ಸೂಜಿಮೊನೆಯಷ್ಟು ಗಾಯವಾಗಿರುತ್ತದೆ. ತೇವ ಅಲ್ಲಿಂದ ಒಳಸೇರಿ, ಲೋಹ ಮತ್ತು ಲ್ಯಾಕರಿನ ನಡುವೆ ದಾರಿ ಕೊರೆಯುತ್ತ ಹೋಗುತ್ತದೆ. ದಾರದಂಥ ಆ ಗೆರೆಯ ತುದಿಯಲ್ಲಿ ಸವೆತ ಸದಾ ಜೀವಂತ, ಹಿಂದಿನ ಬಾಲವೆಲ್ಲ ಸವೆದು ಸತ್ತ ಬಿಳಿ ಪುಡಿ. ಆದ್ದರಿಂದ ಗೆರೆ ಕಾಣುವಲ್ಲಿಗೆ ಉಜ್ಜುವುದನ್ನು ನಿಲ್ಲಿಸದೆ, ಅದರ ತುದಿಯಿಂದ ಒಂದೆರಡು ಸೆಂಟಿಮೀಟರ್ ಆಚೆಗೂ ಲ್ಯಾಕರ್ ತೆಗೆಯಬೇಕು.

ಮೊದಲು ಮೇಲೆ ಹೇಳಿದ ಕ್ರಮದಲ್ಲಿ ಚಕ್ರವನ್ನು ತೊಳೆದು ಜಿಡ್ಡು ಪೂರ್ತಿ ತೆಗೆಯಿರಿ. ಕೊಳೆಯ ಮೇಲೆ ಉಜ್ಜುಕಾಗದ ಆಡಿಸಿದರೆ ಕೊಳೆಯನ್ನೇ ಲೋಹಕ್ಕೆ ತುಂಬಿದಂತಾಗುತ್ತದೆ. ಎದ್ದಿರುವ ಲ್ಯಾಕರನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಕಿತ್ತು, 240 ಅಥವಾ 320ರ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಕಾಗದದಿಂದ ಬಿಳಿ ಪುಡಿ ಹೋಗಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಳೆಯ ಬಣ್ಣದ ಅಂಚನ್ನು ಕೈಗೆ ಮೆಟ್ಟಿಲು ಸಿಗದಂತೆ ಇಳಿಜಾರಾಗಿಸಿ. ಆಮೇಲೆ 400, 600ರ ಕಾಗದ, ನೀರು ಹಾಕುತ್ತ. ಅಲ್ಯುಮಿನಿಯಮ್ಮಿಗೆ ಉಕ್ಕಿನ ತಂತಿ ಬ್ರಷ್ ಅಥವಾ ಉಕ್ಕಿನ ನಾರನ್ನು ಬಳಸಬೇಡಿ. ಮುರಿದ ಉಕ್ಕಿನ ಚೂರುಗಳು ಮೆತ್ತನೆಯ ಲೋಹದೊಳಗೆ ಕೂತು, ಹೊಸ ಬಣ್ಣದ ಅಡಿಯಲ್ಲೇ ತುಕ್ಕು ಹಿಡಿಯುತ್ತವೆ. ತೊಳೆದು, ಒಣಗಿಸಿ, ಜಿಡ್ಡು ತೆಗೆಯುವ ಸ್ಪಿರಿಟ್ಟಿನಿಂದ ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಸಾಕು, ಪ್ರೈಮರ್ ಅಲ್ಲಿ ಹಿಡಿಯದೆ ಮೀನಿನ ಕಣ್ಣಿನಂತೆ ತೂತಾಗಿ ಬಿಡುತ್ತದೆ.

ಬರಿ ಅಲ್ಯುಮಿನಿಯಂ ಮೇಲೆ ಸಾಮಾನ್ಯ ಪ್ರೈಮರ್ ಸರಿಯಾಗಿ ಕಚ್ಚುವುದಿಲ್ಲ, ಲೋಹವನ್ನು ಸ್ವಲ್ಪ ಕೊರೆದು ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್ ಬೇಕು. ಅದರ ಮೇಲೆ ಚಕ್ರದ ಬಣ್ಣ, ಕೊನೆಗೆ ಲ್ಯಾಕರ್. ಪ್ರತಿಯೊಂದನ್ನೂ ಎರಡು ಮೂರು ತೆಳು ಪದರಗಳಲ್ಲಿ, ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಬಿಡುವು ಕೊಟ್ಟು ಹೊಡೆಯಿರಿ. ಒಂದೇ ಸಲಕ್ಕೆ ದಪ್ಪಗೆ ಹೊಡೆದದ್ದು ಸೋರುತ್ತದೆ, ಒಳಗೆ ಒಣಗದೆ ಉಳಿಯುತ್ತದೆ. ಮಳೆ ಹಿಡಿದ ದಿನ ಲ್ಯಾಕರ್ ಹೊಡೆದರೆ ಗಾಳಿಯ ತೇವ ಸಿಕ್ಕಿಬಿದ್ದು ಹಾಲಿನಂತೆ ಮಂಕಾಗುತ್ತದೆ. ಬಿಸಿಲಿನ ದಿನಕ್ಕಾಗಿ ಕಾಯುವುದು ಮೇಲು. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಲ್ಯಾಕರ್ ಬಹಳ ಬಾಳಿಕೆ ಬರುತ್ತದೆ ನಿಜ, ಆದರೆ ಅದರಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿಗೆ ಸೇರಿ ಜೀವನಪರ್ಯಂತದ ಉಬ್ಬಸ ತರಬಲ್ಲದು, ಬಟ್ಟೆಯ ಮುಖಗವಸು ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಒಂದೇ ಭಾಗದ ಲ್ಯಾಕರ್ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ನಾಲ್ಕಾರು ವರ್ಷ ಕಡಿಮೆ ಬಾಳಿದರೂ ಚಿಂತೆಯಿಲ್ಲ.

ಮನೆಯಲ್ಲಿ ಮಾಡಲೇಬಾರದ ಕೆಲಸಗಳೂ ಇವೆ. ಹೊರಮುಖವನ್ನು ಲೇತಿನಲ್ಲಿ ಕಡೆದು ಸಣ್ಣ ಗೆರೆಗಳು ಹೊಳೆಯುವಂತೆ ಮಾಡಿದ ಚಕ್ರವಾದರೆ ಅದನ್ನು ಮತ್ತೆ ಲೇತಿಗೇ ಏರಿಸಬೇಕು, ಪ್ರತಿ ಸಲವೂ ಲೋಹ ತೆಳುವಾಗುವುದರಿಂದ ಅದನ್ನು ಮತ್ತೆ ಮತ್ತೆ ಮಾಡಿಸುವಂತಿಲ್ಲ. ಹಳೆಯ ಬಣ್ಣ ಕೀಳಲು ಬೆಂಕಿಯ ಬರ್ನರ್ ಹಿಡಿಯುವುದಂತೂ ಅಪಾಯ: ಅಲಾಯ್ ಚಕ್ರದ ಬಲ ಬಂದಿರುವುದು ಕಾರ್ಖಾನೆಯಲ್ಲಿ ಅಳತೆಗೆ ತಕ್ಕಂತೆ ಕೊಟ್ಟ ಶಾಖದಿಂದ, ಅಳತೆಯಿಲ್ಲದ ಶಾಖ ಆ ಬಲವನ್ನು ಕಳೆಯುತ್ತದೆ. ಬಿರುಕು ಕಂಡರೆ, ಅದು ಕೂದಲೆಳೆಯಷ್ಟೇ ಇದ್ದರೂ, ಪುಟ್ಟಿ ತುಂಬಿ ಬಣ್ಣ ಹಾಕುವ ಯೋಚನೆ ಬೇಡ. ಆ ಚಕ್ರದ ಆಯುಸ್ಸು ಮುಗಿದಿದೆ.

ಪ್ರಶ್ನೆ: ನನ್ನದು ಉಕ್ಕಿನ ಚಕ್ರಗಳ ಹಳೆಯ ಕಾರು. ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿದರೆ ಎಲ್ಲೆಡೆ ತುಕ್ಕು. ಉಜ್ಜಿ ಬಣ್ಣ ಹಾಕುವಾಗ ಗಮನಿಸಬೇಕಾದದ್ದೇನು?

ಉತ್ತರ: ಉಕ್ಕಿನ ಚಕ್ರ ಅಲಾಯಿಗಿಂತ ಸಹನೆಯುಳ್ಳದ್ದು. ತಂತಿ ಬ್ರಷ್ ಇಲ್ಲಿ ಧಾರಾಳವಾಗಿ ನಡೆಯುತ್ತದೆ. ಸಿಪ್ಪೆ ಏಳುವ ತುಕ್ಕನ್ನು ಅದರಿಂದ ಕೆರೆದು, 80, 180, 320ರ ಕಾಗದದಲ್ಲಿ ಉಜ್ಜಿ, ಸಣ್ಣ ತಗ್ಗುಗಳಲ್ಲಿ ಉಳಿದ ತುಕ್ಕಿಗೆ, ತುಕ್ಕನ್ನು ಗಟ್ಟಿ ಪದರವಾಗಿಸುವ ತುಕ್ಕು ಪರಿವರ್ತಕ ಹಚ್ಚಿ ಕಪ್ಪಾಗಲು ಬಿಟ್ಟು, ಪ್ರೈಮರ್ ಮತ್ತು ಬಣ್ಣ ಹಾಕಿ. ಬಣ್ಣದ ನುಣುಪು ಸ್ವಲ್ಪ ಹೆಚ್ಚು ಕಡಿಮೆಯಾದರೂ ಮುಚ್ಚಳದಡಿ ಯಾರಿಗೂ ಕಾಣುವುದಿಲ್ಲ.

ಗಮನವೆಲ್ಲ ಇರಬೇಕಾದದ್ದು ಎರಡು ಜಾಗಗಳ ಮೇಲೆ: ಚಕ್ರದ ಹಿಂಬದಿಯಲ್ಲಿ ಹಬ್ಬಿಗೆ (ಕಾರಿನಲ್ಲಿ ಚಕ್ರವನ್ನು ಕೂರಿಸುವ ನಡುವಿನ ಭಾಗಕ್ಕೆ) ಒತ್ತಿ ಕೂರುವ ಚಪ್ಪಟೆ ಮುಖ, ಮತ್ತು ನಟ್ಟುಗಳು ಕೂರುವ ಇಳಿಜಾರು ಗುಳಿಗಳು. ಈ ಎರಡರ ಮೇಲೂ ದಪ್ಪ ಬಣ್ಣ ಬೀಳಬಾರದು. ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ವರ್ಷಗಳ ಹಿಂದೆ ನನ್ನ ಹಳೆಯ ಕಾರಿನ ಉಕ್ಕಿನ ಚಕ್ರಗಳಿಗೆ ಮೂರು ಪದರ ಬಣ್ಣ ಹೊಡೆದಾಗ ಗುಳಿಗಳನ್ನು ಮುಚ್ಚಿರಲಿಲ್ಲ; ಒಳಗೂ ಹೊರಗೂ ಒಂದೇ ಹೊಳಪು ಬಂದಿದೆಯೆಂದು ಸಂತೋಷವೇ ಆಗಿತ್ತು. ನಟ್ಟುಗಳನ್ನು ಬಿಗಿ ಮಾಡಿ ಓಡಿಸಿದ ಎರಡನೆಯ ದಿನ, ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಮುಂಭಾಗದಿಂದ ಸಣ್ಣಗೆ ಟಿಕ್ ಟಿಕ್ ಎಂಬ ಸದ್ದು ಬಂತು. ನಿಲ್ಲಿಸಿ ಮುಚ್ಚಳ ತೆಗೆದರೆ ನಟ್ಟುಗಳ ಸುತ್ತ ಹೊಸ ಬಣ್ಣ ಪುಡಿಯಾಗಿ ಉಂಗುರದಂತೆ ಕೂತಿತ್ತು. ಸ್ಪ್ಯಾನರ್ ಇಟ್ಟರೆ ಒಂದು ನಟ್ ಯಾವ ಬಲವೂ ಬೇಡದೆ ಅರ್ಧ ಸುತ್ತು ತಿರುಗಿತು. ಬಿಗಿದಾಗ ಇದ್ದ ಬಿಗಿ ನಿಜಕ್ಕೂ ಲೋಹಕ್ಕೆ ಲೋಹ ಒತ್ತಿದ ಬಿಗಿಯಾಗಿರಲಿಲ್ಲ. ಬಣ್ಣದ ಪದರದ ಮೇಲೆ ನಿಂತಿದ್ದ ಬಿಗಿ, ಪದರ ಕುಸಿದಂತೆ ಕಳೆದುಹೋಗಿತ್ತು. ಹೆದ್ದಾರಿಯಲ್ಲಿ ಅದೇ ಆಗಿದ್ದರೆ ಎಂಬುದನ್ನು ಈಗಲೂ ನೆನೆಯುತ್ತೇನೆ.

ಆದ್ದರಿಂದ ಬಣ್ಣಕ್ಕೆ ಮೊದಲು ಗುಳಿಗಳನ್ನು ಕಾಗದದ ಉಂಡೆಯಿಂದ, ಹಿಂಬದಿಯ ಮುಖವನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಹಬ್ಬಿನ ಮುಖದ ತುಕ್ಕನ್ನೂ ತಂತಿ ಬ್ರಷ್ಷಿನಿಂದ ತೆಗೆಯಿರಿ. ಮುಂದಿನ ಸಲ ಚಕ್ರ ಸುಲಭವಾಗಿ ಬಿಚ್ಚಲೆಂದು ಹಬ್ಬಿನ ನಡುವಿನ ಉಬ್ಬಿಗೆ ಒಂದಿಷ್ಟು ಗ್ರೀಸ್ ಸವರಬಹುದು. ಬೋಲ್ಟಿನ ತಿರುಪಿನ ಸುತ್ತುಗಳಿಗೆ ಮಾತ್ರ ಸವರಬೇಡಿ, ಅದರಿಂದ ಬಿಗಿಯ ಲೆಕ್ಕ ತಪ್ಪುತ್ತದೆ. ನಟ್ಟುಗಳನ್ನು ಪಕ್ಕಪಕ್ಕದ ಕ್ರಮದಲ್ಲಿ ಬಿಗಿಯದೆ, ಎದುರುಬದುರಾಗಿ, ನಕ್ಷತ್ರದ ಗೆರೆ ಎಳೆದಂತೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 80ರಿಂದ 120 ನ್ಯೂಟನ್ ಮೀಟರ್ ನಡುವೆ ಇರುವ ಈ ಬಿಗಿಯ ಸರಿಯಾದ ಅಳತೆ ನಿಮ್ಮ ಕಾರಿನ ಕೈಪಿಡಿಯಲ್ಲಿದೆ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರ್ ಬಳಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಚಕ್ರ ಹೊಳೆಯುತ್ತಿದೆ, ಆದರೆ ಟೈರಿನ ಪಕ್ಕಗಳು ಕಂದು ಬಣ್ಣಕ್ಕೆ ತಿರುಗಿವೆ. ಟೈರ್ ಕೆಟ್ಟಿದೆಯೆ?

ಉತ್ತರ: ಬಣ್ಣದಿಂದ ಹಾಗೆ ಹೇಳಲಾಗದು. ಗಾಳಿಯ ಓಜೋನ್ ರಬ್ಬರನ್ನು ಬಿರಿಯದಂತೆ ತಡೆಯಲು ಟೈರಿನಲ್ಲಿ ಬೆರೆಸಿದ ರಾಸಾಯನಿಕ ನಿಧಾನವಾಗಿ ಮೇಲ್ಮೈಗೆ ಬಂದು ಕಂದಾಗುತ್ತದೆ. ಗಟ್ಟಿ ಬ್ರಷ್ ಮತ್ತು ಶಾಂಪೂ ನೀರಿನಿಂದ ಉಜ್ಜಿದರೆ ನೊರೆ ಕಂದಾಗಿ ಇಳಿದು ಕಪ್ಪು ಬಣ್ಣ ಮರಳುತ್ತದೆ. ಪೆಟ್ರೋಲ್ ಬಳಸಬೇಡಿ. ಹೊಳಪಿನ ದ್ರಾವಣ ಹಚ್ಚುವುದಾದರೆ ಪಕ್ಕಗಳಿಗೆ ಮಾತ್ರ, ರಸ್ತೆಗೆ ತಾಗುವ ಮೈಗೆ ಎಂದಿಗೂ ಬೇಡ. ಪಕ್ಕಗಳಲ್ಲಿ ಬಿರುಕು ಅಥವಾ ಉಬ್ಬು ಕಂಡರೆ ಟೈರ್ ಬದಲಿಸಿ.

ಪ್ರಶ್ನೆ: ಚಕ್ರಗಳನ್ನು ಚೊಕ್ಕಟ ಮಾಡಿ ಬಣ್ಣ ಹಾಕಿಸಿದ ಮೇಲೂ ಒಂದರಲ್ಲಿ ವಾರಕ್ಕೊಮ್ಮೆ ಗಾಳಿ ಇಳಿಯುತ್ತದೆ. ಪಂಕ್ಚರ್ ಇಲ್ಲವೆನ್ನುತ್ತಾರೆ.

ಉತ್ತರ: ಟೈರಿನ ಅಂಚು ರಿಮ್ಮಿಗೆ ಒತ್ತಿ ಕೂರುವ ಪಟ್ಟಿಯನ್ನು ಯಾರೂ ಮುಟ್ಟಿಲ್ಲವೆಂದು ತೋರುತ್ತದೆ. ಹಳೆಯ ಅಲಾಯ್ ಚಕ್ರಗಳಲ್ಲಿ ಆ ಪಟ್ಟಿಯ ಮೇಲೆ ಬಿಳಿಯ ಸವೆತ ಗುಳ್ಳೆಗಟ್ಟಿ, ರಬ್ಬರಿಗೂ ಲೋಹಕ್ಕೂ ನಡುವೆ ಗಾಳಿಗೆ ಸಂದು ಕೊಡುತ್ತದೆ. ಅಂಚಿನ ಸುತ್ತ ಮತ್ತು ಗಾಳಿಯ ವಾಲ್ವಿನ ಬುಡಕ್ಕೆ ಸೋಪಿನ ನೀರು ಸವರಿ, ಅಲುಗಾಡದೆ ಐದು ನಿಮಿಷ ನೋಡಿ. ಸೋರುವ ಕಡೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಪಕ್ಕ ಒಂದು ಏಳುತ್ತವೆ. ಟೈರ್ ಬಿಚ್ಚಿಸಿ, ಪಟ್ಟಿಯ ಸವೆತವನ್ನು ನುಣ್ಣಗೆ ಉಜ್ಜಿಸಿ, ವಾಲ್ವ್ ರಬ್ಬರಿನದಾಗಿದ್ದರೆ ಅದನ್ನೂ ಆಗಲೇ ಹೊಸದು ಹಾಕಿಸಿ.

ಪ್ರಶ್ನೆ: ಚಕ್ರಗಳನ್ನು ಬಿಚ್ಚಿ ಒಳಗೂ ಹೊರಗೂ ತೊಳೆದು ಹಾಕಿದ ದಿನದಿಂದ, ವೇಗ ಹೆಚ್ಚಿಸಿದರೆ ಸ್ಟೀರಿಂಗ್ ನಡುಗುತ್ತಿದೆ. ಮೊದಲು ಹೀಗಿರಲಿಲ್ಲ.

ಉತ್ತರ: ಮೊದಲು ನಟ್ಟುಗಳ ಬಿಗಿ ನೋಡಿ, ಅದು ಸರಿಯಿದೆಯೆಂದು ಖಚಿತವಾಗುವ ತನಕ ಕಾರು ನಿಂತಿರಲಿ. ಅದು ಸರಿಯಿದ್ದರೆ ಕಾರಣ ಮೂರರಲ್ಲಿ ಒಂದು. ಚಕ್ರಕ್ಕೂ ಹಬ್ಬಿಗೂ ನಡುವೆ ತುಕ್ಕಿನ ಸಿಪ್ಪೆ ಅಥವಾ ಮಣ್ಣಿನ ಹೆಂಟೆ ಸಿಕ್ಕಿ ಚಕ್ರ ಓರೆಯಾಗಿ ಕೂತಿರಬಹುದು. ಬಿಚ್ಚಿ, ಎರಡೂ ಮುಖಗಳನ್ನು ಒರೆಸಿ, ಮತ್ತೆ ಹಾಕಿದರೆ ಸರಿಹೋಗುತ್ತದೆ. ಒಳಮೈಗೆ ಗಟ್ಟಿಯಾಗಿ ಅಂಟಿದ ಕೆಸರಿನ ಹೆಪ್ಪು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಾಗೆಯೇ ಉಳಿದಿದ್ದರೂ ನಡುಕ ಬರುತ್ತದೆ, ಪೂರ್ತಿ ತೆಗೆಯಿರಿ. ಮೂರನೆಯದು, ನನ್ನ ಊಹೆಯಲ್ಲಿ ನಿಮಗೆ ಆಗಿರುವುದು, ಬ್ಯಾಲೆನ್ಸಿಂಗ್‌ಗೆಂದು ಒಳಮೈಗೆ ಅಂಟಿಸಿದ್ದ ಸಣ್ಣ ತೂಕದ ಬಿಲ್ಲೆ ಉಜ್ಜುವಾಗ ಉದುರಿಹೋಗಿರುವುದು. ಒಳಮೈಯಲ್ಲಿ ಆಯತಾಕಾರದ, ಸುತ್ತಲಿಗಿಂತ ಶುಭ್ರವಾದ ಗುರುತೊಂದು ಅಂಟಿನ ಚೂರುಗಳೊಂದಿಗೆ ಕಂಡರೆ ಬಿಲ್ಲೆ ಇದ್ದ ಜಾಗ ಅದೇ. ತೊಳೆದ ಜಾಗದಲ್ಲಿ ಹುಡುಕಿ ಅದನ್ನೇ ಅಂಟಿಸುವ ಪ್ರಯತ್ನ ಬೇಡ, ಚಕ್ರವನ್ನು ಯಂತ್ರಕ್ಕೆ ಏರಿಸಿ ಹೊಸದಾಗಿ ಬ್ಯಾಲೆನ್ಸಿಂಗ್ ಮಾಡಿಸಿ. ಹೊಸ ಬಿಲ್ಲೆ ಅಂಟಿಸುವ ಮುನ್ನ ಹಳೆಯ ಅಂಟನ್ನು ಪೂರ್ತಿ ತೆಗೆದು, ಆ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಲು ಕೆಲಸಗಾರರಿಗೆ ಹೇಳಿ; ಜಿಡ್ಡಿನ ಮೇಲೆ ಅಂಟಿಸಿದ ಬಿಲ್ಲೆ ಮುಂದಿನ ತೊಳೆತಕ್ಕೆ ಮತ್ತೆ ಉದುರುತ್ತದೆ.